ಹಳೆಯ ಡ್ರಿಲ್ಲಿಗೆ ಹೊಸ ಬಿಡಿಭಾಗ

ಮರಗೆಲಸ, ಗಾರೆಕೆಲಸ, ವೆಲ್ಡಿಂಗ್ ಅಂಗಡಿಗಳಲ್ಲಿ ದುಡಿದು ಹಳತಾದ ಕೈಡ್ರಿಲ್, ಗ್ರೈಂಡರ್, ಕಟರ್‌ಗಳು ಕೆಟ್ಟು ನಿಂತಾಗ, ಕಂಪನಿಯು ಆ ಮಾದರಿಯನ್ನು ನಿಲ್ಲಿಸಿ ಎಷ್ಟು ವರ್ಷವಾಯಿತೆಂಬುದು ಅಷ್ಟು ಮುಖ್ಯವಲ್ಲ. ಕೆಟ್ಟ ಭಾಗವು ಎಲ್ಲ ಕಂಪನಿಗಳಿಗೂ ಸಮಾನವಾದ ಅಳತೆಯದೋ, ಆ ಕಂಪನಿಯೊಂದರದೇ ಅಚ್ಚಿನದೋ ಎಂಬುದರ ಮೇಲೆ ದುರಸ್ತಿ ನಿಂತಿರುತ್ತದೆ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯು ಪಿಸ್ತೂಲಿನ ಹಿಡಿಕೆ ಮತ್ತು ಟ್ರಿಗರ್ ಸ್ವಿಚ್ಚುಳ್ಳ ಡ್ರಿಲ್ಲಿಗೆ 1917ರಲ್ಲಿ ಪೇಟೆಂಟ್ ಪಡೆದ ಮೇಲೆ, ತಂತಿ ಜೋಡಿಸಿ ಬಳಸುವ ಡ್ರಿಲ್ಲುಗಳ ಒಳಗಿನ ಏರ್ಪಾಡು ಮೂಲತಃ ಹೆಚ್ಚು ಬದಲಾಗಿಲ್ಲ. ಎಸಿ, ಡಿಸಿ ಎರಡರಲ್ಲೂ ಓಡಬಲ್ಲ ಯೂನಿವರ್ಸಲ್ ಮೋಟಾರ್, ಅದರಲ್ಲಿ ತಿರುಗುವ ಸುರುಳಿಯಾದ ಆರ್ಮೇಚರ್, ಅದರ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಕಾಮ್ಯುಟೇಟರ್, ಆ ಪಟ್ಟಿಗಳಿಗೆ ಉಜ್ಜುತ್ತ ವಿದ್ಯುತ್ತನ್ನು ದಾಟಿಸುವ ಒಂದು ಜೊತೆ ಕಾರ್ಬನ್ ಇಂದಿಗೂ ಅವೇ.

ಇವುಗಳಲ್ಲಿ ಹುಡುಕಲು ಸುಲಭವಾದದ್ದು ಬೇರಿಂಗ್. ಅದರ ಅಳತೆಗಳು ಅಂತರರಾಷ್ಟ್ರೀಯವಾಗಿ ನಿಗದಿಯಾಗಿರುವುದರಿಂದ, ಅಂಚಿನಲ್ಲಿ ಕೆತ್ತಿರುವ ಸಂಖ್ಯೆಯೇ ವಿಳಾಸವಾಗುತ್ತದೆ. 6200, 6201, 6202, 6203 ಎಂಬವುಗಳ ಒಳರಂಧ್ರ ಕ್ರಮವಾಗಿ 10, 12, 15, 17 ಮಿಲಿಮೀಟರ್. 6204ರಿಂದ ಮುಂದೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಸಾಕು. ಸಣ್ಣ ಯಂತ್ರಗಳಲ್ಲಿ ಕಾಣುವ 608ರ ಒಳರಂಧ್ರ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರ್. ಮಕ್ಕಳ ಸ್ಕೇಟಿಂಗ್ ಚಕ್ರದೊಳಗೆ ಇರುವುದೂ ಸಾಮಾನ್ಯವಾಗಿ ಇದೇ 608! ಆದರೆ ಸಂಖ್ಯೆಯ ಮುಂದಿನ ಅಕ್ಷರಗಳನ್ನು ಕಡೆಗಣಿಸುವಂತಿಲ್ಲ: ಜೆಡ್‌ಜೆಡ್ ಎಂದರೆ ಎರಡೂ ಬದಿಗೆ ಲೋಹದ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನದು, ಕಲ್ಲುಪುಡಿಯ ನಡುವೆ ಓಡುವ ಯಂತ್ರಕ್ಕೆ ರಬ್ಬರಿನ ಮುಚ್ಚಳವೇ ಲೇಸು.

ಕಾರ್ಬನ್ನಿನ ವಿಷಯ ಇಷ್ಟು ನೇರವಲ್ಲ. ಅಗಲ, ದಪ್ಪ, ಉದ್ದಗಳ ಜೊತೆಗೆ ಸ್ಪ್ರಿಂಗ್ ಮತ್ತು ತಂತಿಯ ಜೋಡಣೆಯೂ ಹೊಂದಬೇಕಾಗುತ್ತದೆ. ತುಸು ದೊಡ್ಡದು ಸಿಕ್ಕರೆ ಮರಳುಕಾಗದದಲ್ಲಿ ಉಜ್ಜಿ ಕೂರಿಸುವ ರೂಢಿಯಿದ್ದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅತಿ ಗಡುಸಾದ ಅಗ್ಗದ ಕಾರ್ಬನ್ ತಾನು ಸವೆಯುವ ಬದಲು ಕಾಮ್ಯುಟೇಟರನ್ನೇ ಸವೆಸುವುದರಿಂದ, ಅಲ್ಲಿ ಉಳಿಸಿದ ಹಣ ಆರ್ಮೇಚರಿನ ಖರ್ಚಾಗಿ ತಿರುಗಿ ಬರುತ್ತದೆ.

ನಿಜವಾದ ಕಷ್ಟ ಆರಂಭವಾಗುವುದು ಆರ್ಮೇಚರಿನಲ್ಲಿ. ಸುರುಳಿ ಸುಟ್ಟಿದ್ದರೆ, ರಿವೈಂಡಿಂಗ್ ಅಂಗಡಿಯವರು ಹಳೆಯ ತಂತಿಯ ಗೇಜನ್ನೂ ಸುತ್ತುಗಳನ್ನೂ ಲೆಕ್ಕ ಹಿಡಿದು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿಕೊಡುತ್ತಾರೆ. ಹಲವು ಯಂತ್ರಗಳಲ್ಲಿ ಗಿಯರನ್ನು ತಿರುಗಿಸುವ ಹಲ್ಲುಗಳನ್ನು ಆರ್ಮೇಚರಿನ ದಂಡದ ತುದಿಯಲ್ಲೇ ಕಡೆದಿರುವುದರಿಂದ, ಸುರುಳಿ ಸುಸ್ಥಿತಿಯಲ್ಲಿದ್ದರೂ ಹಲ್ಲು ಸವೆದರೆ ಇಡೀ ಆರ್ಮೇಚರನ್ನೇ ಬದಲಿಸಬೇಕಾಗುತ್ತದೆ. ಅಂಥ ಭಾಗವನ್ನು ಮಾದರಿಯ ಹೆಸರು ಹೇಳಿ ಕೇಳಿದರೆ ಸಾಲದು. ಒಂದೇ ಹೆಸರಿನಲ್ಲಿ ಒಳಭಾಗ ಬೇರೆಯಾದ ಯಂತ್ರಗಳು ಬಂದಿರುವುದುಂಟು. ಬಾಷ್ ಯಂತ್ರಗಳ ನಾಮಫಲಕದಲ್ಲಿರುವ ಹತ್ತು ಅಂಕಿಗಳ ಸಂಖ್ಯೆಯ ಉಪಯೋಗ ಇಲ್ಲಿಯೇ. ಅಮೆರಿಕದಿಂದ ತಂದ 120 ವೋಲ್ಟಿನ ಡ್ರಿಲ್ಲಿಗೆ ಇಲ್ಲಿನ 230 ವೋಲ್ಟಿನ ಆರ್ಮೇಚರ್, ನೋಡಲು ಒಂದೇ ತೆರನಾಗಿದ್ದರೂ, ಸಲ್ಲದು.

ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿತಾದರೂ, ಅದು ಮೊದಲಿಗೆ ಆರಿಸಿಕೊಂಡ ನಾಲ್ಕು ವಲಯಗಳಾದ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ಸಾಮಗ್ರಿ, ವಾಹನಗಳ ಸಾಲಿನಲ್ಲಿ ಕುಶಲಕರ್ಮಿಗಳ ಡ್ರಿಲ್, ಗ್ರೈಂಡರ್‌ಗಳಿಗೆ ಪ್ರತ್ಯೇಕ ಸ್ಥಾನ ಇರಲಿಲ್ಲ. ಹೀಗಾಗಿ ಕಂಪನಿ ಕೈಬಿಟ್ಟ ಭಾಗಕ್ಕೆ ಉಳಿಯುವುದು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆಯ ಹಳೆಯ ಅಂಗಡಿಗಳು, ಇಲ್ಲವೆ ಗುಜರಿಯಲ್ಲಿ ಸಿಗುವ ಅದೇ ಮಾದರಿಯ ಇನ್ನೊಂದು ಸತ್ತ ಯಂತ್ರ. ಅದನ್ನು ಕೊಳ್ಳುವ ಮೊದಲು ಗಿಯರ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿಸಿ, ಹಲ್ಲುಗಳ ಸಂಖ್ಯೆಯನ್ನೂ ಅವು ಯಾವ ಕಡೆಗೆ ಓರೆಯಾಗಿವೆ ಎಂಬುದನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿಕೊಳ್ಳುವುದು ಅಗತ್ಯ.