ನೀರಿದ್ದೂ ಬಾಡುವ ಗಿಡ

ತಾರಸಿಯ ಕುಂಡದಲ್ಲಿ ಗಿಡ ಸೊರಗಿದ್ದು ಕಂಡರೆ ಕೈ ತಾನಾಗಿ ನೀರಿನ ಮಗ್ಗಿನ ಕಡೆ ಹೋಗುತ್ತದೆ. ಎಲೆ ಜೋತುಬಿದ್ದಿದೆ, ಪಾಪ ಬಾಯಾರಿರಬೇಕು ಅಂತ ಎರಡು ಮಗ್ಗು ಹೆಚ್ಚಿಗೆ ಹೊಯ್ಯುತ್ತೇವೆ. ಮರುದಿನ ಎಲೆ ಇನ್ನಷ್ಟು ಜೋಲುತ್ತದೆ, ಇನ್ನೆರಡು ಮಗ್ಗು. ಕೊನೆಗೆ ಗುಲಾಬಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ, ಬೈಗುಳ ನರ್ಸರಿಯವನ ಪಾಲಾಗುತ್ತದೆ. ಆ ಗಿಡವನ್ನು ಕಿತ್ತು ಬೇರು ನೋಡುವವರು ಕಡಿಮೆ. ನೋಡಿದರೆ ಬೆಳ್ಳಗಿರಬೇಕಾದ ಎಳೆಬೇರು ಕಂದಾಗಿರುತ್ತದೆ, ಎಳೆದರೆ ಸಿಪ್ಪೆ ಜಾರಿ ನೂಲಿನಂಥ ನಡುವಿನ ಎಳೆಯಷ್ಟೇ ಉಳಿಯುತ್ತದೆ, ಮಣ್ಣು ಚರಂಡಿಯ ಹಾಗೆ ನಾರುತ್ತದೆ. ಬೇರು ಉಸಿರುಗಟ್ಟಿ ಸತ್ತಿರುವುದರ ಗುರುತು ಅದು.

ಬೇರಿಗೂ ಉಸಿರು ಬೇಕು. ಎಲೆ ಹಗಲೆಲ್ಲ ಆಮ್ಲಜನಕ ತಯಾರಿಸಿದರೂ ಅದನ್ನು ಬೇರಿನವರೆಗೆ ಇಳಿಸುವ ಗಾಳಿಕೊಳವೆಗಳು ಭತ್ತ, ತಾವರೆಯಂಥ ಕೆಸರಿನ ಸಸ್ಯಗಳಿಗೆ ಇರುವಷ್ಟು ಚೆನ್ನಾಗಿ ಗುಲಾಬಿಗಾಗಲೀ ಟೊಮೆಟೊಗಾಗಲೀ ಇಲ್ಲ. ಅವುಗಳ ಬೇರು ಮಣ್ಣಿನ ಕಣಗಳ ನಡುವಿನ ಗಾಳಿಯನ್ನೇ ನಂಬಿಕೊಂಡಿರುತ್ತದೆ. ಆ ಸಂದುಗಳಲ್ಲಿ ನೀರು ತುಂಬಿತು ಎನ್ನಿ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಇದ್ದಷ್ಟನ್ನು ಬೇರೂ ಸೂಕ್ಷ್ಮಜೀವಿಗಳೂ ಬೇಗ ಮುಗಿಸಿಬಿಡುತ್ತವೆ; ಬೇಸಿಗೆಯಲ್ಲಂತೂ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಬೇರಿನ ಹಸಿವು ಮಾತ್ರ ಹೆಚ್ಚು.

ಸರಿ, ಉಸಿರುಗಟ್ಟಿದರೆ ಎಲೆ ಏಕೆ ಬಾಡಬೇಕು? ನೀರು ಸುತ್ತಲೂ ಇದೆಯಲ್ಲ? ಬೇರಿನ ಜೀವಕೋಶಗಳ ಪೊರೆಯಲ್ಲಿ ನೀರಿಗೆಂದೇ ಇರುವ ಸಣ್ಣ ಬಾಗಿಲುಗಳಿವೆ. ಆಕ್ವಾಪೋರಿನ್ ಎಂಬ ಪ್ರೋಟೀನುಗಳು. ಇವುಗಳನ್ನು ಪತ್ತೆ ಮಾಡಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನಿಗಳು ಇನ್ನೊಂದು ಸಂಗತಿ ತೋರಿಸಿದರು: ಆಮ್ಲಜನಕ ಸಿಗದಾಗ ಜೀವಕೋಶದ ಒಳಗು ಆಮ್ಲೀಯವಾಗುತ್ತದೆ, ಆಗ ಬೇರಿನ ಈ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಮೇಲೆ ಎಲೆ ಬಿಸಿಲಿಗೆ ನೀರು ಕಳೆದುಕೊಳ್ಳುತ್ತಲೇ ಇದೆ, ಕೆಳಗೆ ಬಾಗಿಲು ಹಾಕಿದೆ. ನೀರಿನಲ್ಲಿ ನಿಂತೇ ಗಿಡ ಒಣಗುತ್ತದೆ. ನಾವು ಹೊಯ್ಯುವ ಪ್ರತಿ ಮಗ್ಗೂ ಆ ಬಾಗಿಲಿಗೆ ಹಾಕುವ ಇನ್ನೊಂದು ಅಗುಳಿ.

ಟೊಮೆಟೊ ಗಿಡ ಈ ಸಂಕಟವನ್ನು ಸ್ಪಷ್ಟವಾಗಿ ಹೇಳಿಕೊಳ್ಳುತ್ತದೆ. ಉಸಿರುಗಟ್ಟಿದ ಬೇರಿನಿಂದ ಮೇಲೇರಿದ ರಾಸಾಯನಿಕವೊಂದು ಎಲೆಯ ಹತ್ತಿರ ಎಥಿಲೀನ್ ಅನಿಲವಾಗುತ್ತದೆ. ಅದರ ಪ್ರಭಾವಕ್ಕೆ ತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು ಎಲೆ ನೆಲದತ್ತ ಬಾಗುತ್ತದೆ. ಮುಟ್ಟಿ ನೋಡಿ. ನೀರಿಲ್ಲದೆ ಬಾಡಿದ ಎಲೆ ಬಟ್ಟೆಯ ಹಾಗೆ ಮೆತ್ತಗಿರುತ್ತದೆ; ಹೀಗೆ ಬಾಗಿದ ಎಲೆ ಮೊದಮೊದಲು ಗಟ್ಟಿಯಾಗಿಯೇ ಇರುತ್ತದೆ.

ಇನ್ನು ಕುಂಡದ ವಿಷಯ. ತೋಟದಲ್ಲಿ ಚೆನ್ನಾಗಿ ನೀರು ಬಸಿಯುವ ಅದೇ ಮಣ್ಣು ಕುಂಡಕ್ಕೆ ಬಂದೊಡನೆ ಕೆಸರಾಗುವುದೇಕೆ ಎಂಬುದಕ್ಕೆ ಅಡುಗೆಮನೆಯಲ್ಲೇ ಉತ್ತರವಿದೆ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಹಿಂಡದೆ, ಅಲುಗಿಸದೆ, ಅದನ್ನೇ ಉದ್ದುದ್ದ ನಿಲ್ಲಿಸಿ. ಮತ್ತೆ ನೀರು ತೊಟ್ಟಿಕ್ಕುತ್ತದೆ! ಸಣ್ಣ ರಂಧ್ರಗಳು ಕೇಶಾಕರ್ಷಣೆಯಿಂದ ನೀರನ್ನು ಹಿಡಿದುಕೊಂಡಿರುತ್ತವೆ, ಗುರುತ್ವ ಕೆಳಕ್ಕೆ ಎಳೆಯುತ್ತದೆ. ನೀರಿನ ಕಂಬ ಎತ್ತರವಾದಷ್ಟೂ ಎಳೆತ ಗೆಲ್ಲುತ್ತದೆ. ಹೊಲದಲ್ಲಿ ಆ ಕಂಬ ಆಳದವರೆಗೆ ಮುಂದುವರಿಯುತ್ತದೆ. ಕುಂಡದಲ್ಲಿ ತಳದ ತೂತಿಗೇ ಮುಗಿಯುತ್ತದೆ. ಹಾಗಾಗಿ ತೂತು ಎಷ್ಟೇ ದೊಡ್ಡದಿರಲಿ, ನೀರು ಬಸಿದು ನಿಂತ ಮೇಲೂ ತಳದಲ್ಲೊಂದು ಪದರ ಪೂರ್ತಿ ತೊಯ್ದೇ ಇರುತ್ತದೆ. ಅದರ ದಪ್ಪವನ್ನು ಮಣ್ಣಿನ ಕಣದ ಗಾತ್ರ ನಿರ್ಧರಿಸುತ್ತದೆ, ಕುಂಡದ ಎತ್ತರವಲ್ಲ. ಆ ಪದರ ಎರಡಂಗುಲವಿದೆ ಎಂದುಕೊಂಡರೆ ಹನ್ನೆರಡಂಗುಲದ ಕುಂಡದಲ್ಲಿ ಅದು ಆರರಲ್ಲೊಂದು ಪಾಲು, ನಾಲ್ಕಂಗುಲದ ತಟ್ಟೆಯಲ್ಲಿ ಅರ್ಧಕ್ಕರ್ಧ.

ಇಲ್ಲಿಗೆ ಬಂದಾಗ 'ಅದಕ್ಕೇ ತಳಕ್ಕೆ ಜಲ್ಲಿ ಹಾಕಬೇಕು' ಎನ್ನುವವರು ಸಿಕ್ಕೇ ಸಿಗುತ್ತಾರೆ. ಹಾಕಬೇಡಿ. ಸಣ್ಣ ಕಣಗಳ ಮಣ್ಣು ತನ್ನ ನೀರನ್ನು ದೊಡ್ಡ ಸಂದುಗಳ ಜಲ್ಲಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಂಚಿನಲ್ಲಿ ಪೂರ್ತಿ ತೊಯ್ದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಅಂದರೆ ಕೆಸರಿನ ಪದರ ಹೋಗಲಿಲ್ಲ, ಜಲ್ಲಿಯ ಮೇಲೆ ಕೂತು ಬೇರಿಗೆ ಇನ್ನೂ ಹತ್ತಿರವಾಯಿತು. ಮಣ್ಣು ಜಾರದಂತೆ ತೂತಿನ ಮೇಲೆ ಸೊಳ್ಳೆಪರದೆಯ ಚೂರೊಂದು ಸಾಕು. ಈ ಜಲ್ಲಿಯ ನಂಬಿಕೆ ಎಷ್ಟು ಗಟ್ಟಿ ಎಂದರೆ, ಸ್ಪಂಜಿನ ಪ್ರಯೋಗ ಕಣ್ಣಾರೆ ಕಂಡವರೂ ಮನೆಗೆ ಹೋಗಿ ಜಲ್ಲಿ ಹಾಕುತ್ತಾರೆ.

ನಿಜವಾದ ಮದ್ದು ಮಣ್ಣಿನ ಮಿಶ್ರಣದಲ್ಲಿದೆ. ಉತ್ತರ ಕರ್ನಾಟಕದ ಎರೆಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಶತ್ರು. ತೊಯ್ದರೆ ಉಬ್ಬುತ್ತದೆ, ಒಣಗಿದರೆ ಕುಂಡದ ಗೋಡೆಯಿಂದ ಸರಿದು ಬಿರುಕು ಬಿಡುತ್ತದೆ, ಹೊಯ್ದ ನೀರು ಆ ಬಿರುಕಿನಲ್ಲೇ ಇಳಿದುಹೋಗುತ್ತದೆ. ಕೆಂಪು ಮಣ್ಣಾದರೆ ದಪ್ಪ ಮರಳು, ಭತ್ತದ ಹೊಟ್ಟು, ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ ಸಡಿಲ ಮಾಡಬಹುದು. ತೆಂಗಿನ ನಾರಿನ ಕೋಕೋಪೀಟ್ ಹಗುರ, ತಾರಸಿಗೆ ಹೇಳಿ ಮಾಡಿಸಿದ್ದು. ಆದರೆ ಮೇಲ್ಮೈ ಒಣಗಿ ಬಿಳಿಚಿಕೊಂಡಿದ್ದಾಗಲೂ ಎರಡಂಗುಲ ಕೆಳಗೆ ಒದ್ದೆಯಾಗಿರುತ್ತದೆ. ಕಣ್ಣಿಗಿಂತ ಕೈಯನ್ನು ನಂಬುವುದು ವಾಸಿ. ನೀರು ಹಾಕಿದ ಕೂಡಲೇ ಒಮ್ಮೆ ಕುಂಡ ಎತ್ತಿ ನೋಡಿ, ಆಮೇಲೆ ಅದೇ ಭಾರವಿದ್ದಾಗ ನೀರು ಹಾಕಬೇಡಿ.

ನರ್ಸರಿಯಿಂದ ತಂದ ಗಿಡದ ಕಥೆ ಬೇರೆ. ಕಪ್ಪು ಕವರಿನಲ್ಲಿ ಬೇರಿನ ಸುತ್ತ ಜಿಗಟು ಮಣ್ಣಿನ ಉಂಡೆ ಇರುತ್ತದೆ. ಉಂಡೆಯನ್ನು ಹಾಗೇ ಸಡಿಲ ಕೋಕೋಪೀಟ್‌ನಲ್ಲಿ ಕೂರಿಸಿದರೆ ನೀರು ಸುತ್ತಲಿನ ಸಡಿಲ ಭಾಗದಲ್ಲೇ ಇಳಿದು, ಒಣಗಿದ ಉಂಡೆಯ ಒಳಗು ಒಣಗಿಯೇ ಉಳಿಯಬಹುದು. ಹೊರಗೆ ಕೆಸರು, ಒಳಗೆ ಬರಗಾಲ. ನೆಡುವಾಗ ಉಂಡೆಯ ಹೊರಮೈಯನ್ನು ಬೆರಳಿನಿಂದ ಬಿಡಿಸಿ, ಸುತ್ತು ಹಾಕಿಕೊಂಡ ಬೇರನ್ನು ಕತ್ತರಿಸಿ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದಾಗ ಅನೇಕರ ಕಣ್ಣು ಆರ್‌ಓ ಯಂತ್ರದ ತ್ಯಾಜ್ಯ ನೀರಿನ ಮೇಲೆ ಬಿತ್ತು. ಅದರಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು. ಗಡಸು ಬೋರ್‌ವೆಲ್ ನೀರಿನದಾದರೆ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ, ಮಣ್ಣು ಕ್ಷಾರವಾಗಿ ಬೇರಿಗೆ ಕಬ್ಬಿಣ ದಕ್ಕುವುದಿಲ್ಲ. ಆಗ ಹಳದಿಯಾಗುವುದು ಮೇಲಿನ ಎಳೆಯ ಎಲೆ, ನರ ಮಾತ್ರ ಹಸಿರು. ಕೆಳಗಿನ ಹಳೆಯ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಮಳೆನೀರು ಸಿಕ್ಕಾಗ ಕುಂಡದಿಂದ ಹೊರಗೆ ಹರಿಯುವಷ್ಟು ಧಾರಾಳವಾಗಿ ಹೊಯ್ದು ಲವಣ ತೊಳೆಯಬಹುದು.

ಈಗಾಗಲೇ ಕೆಸರಾದ ಕುಂಡಕ್ಕೆ ಮೊದಲು ತಳದ ತಟ್ಟೆ ತೆಗೆಯಿರಿ, ಗಿಡವನ್ನು ನೆರಳಿಗೆ ಸರಿಸಿ. ಗೊಬ್ಬರ ಹಾಕುವ ಆಸೆಯನ್ನು ತಡೆದುಕೊಳ್ಳಿ. ನರಳುವ ಬೇರಿಗೆ ಲವಣದ ಹೊರೆ ಬೇಡ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವಿನ ಬಳಗದವು ಇಂಥ ಕೆಸರಿನಲ್ಲಿ ಈಜಿಕೊಂಡೇ ಬೇರು ಸೇರುತ್ತವೆ, ಹೀಗಾಗಿ ಕೊಳೆತ ಬೇರನ್ನು ಕತ್ತರಿಸಿ ಹೊಸ ಮಿಶ್ರಣಕ್ಕೆ ಬದಲಿಸುವುದಾದರೆ ತಡಮಾಡಬಾರದು. ಬದಲಿಸಲಾಗದಷ್ಟು ದೊಡ್ಡ ಕುಂಡವಾದರೆ ಸ್ಪಂಜಿನ ತತ್ವವೇ ನೆರವಾಗುತ್ತದೆ. ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ, ಒದ್ದೆ ಬಟ್ಟೆಯ ಪಟ್ಟಿಯೊಂದನ್ನು ತೂತಿನೊಳಗೆ ತುರುಕಿ, ಇನ್ನೊಂದು ತುದಿ ಕೆಳಗೆ ಇಳಿಬೀಳಲಿ. ನೀರಿನ ಕಂಬ ಅಷ್ಟು ಉದ್ದವಾಯಿತು; ತಳದ ಪದರದಿಂದ ನೀರು ಪಟ್ಟಿಗುಂಟ ತೊಟ್ಟಿಕ್ಕತೊಡಗುತ್ತದೆ. ಹತ್ತಿ ಬಟ್ಟೆ ಬೇಗ ಕೊಳೆಯುತ್ತದೆ. ಕಾರು ಒರೆಸುವ ಮೈಕ್ರೋಫೈಬರ್ ಚೂರು ಬಾಳಿಕೆ ಬರುತ್ತದೆ.