ಉಪಕಾರಿಯಾದ ಸೋಂಕು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಣ ಹಳ್ಳಿಗಳಲ್ಲಿ ಮನೆಗೂ ದನದ ಕೊಟ್ಟಿಗೆಗೂ ನಡುವೆ ಒಂದೇ ಗೋಡೆಯಿರುವುದುಂಟು. ಎಳೆಗರು ಭೇದಿಯಿಂದ ಸೊರಗುವುದನ್ನು ರೈತರ ಮಕ್ಕಳು ಕಂಡಿರುತ್ತಾರೆ. ಎಳೆಗರುವನ್ನೂ ಎಳೆಗೂಸನ್ನೂ ಹೀಗೆ ಕಾಡುವ ರೋಗಾಣುಗಳಲ್ಲಿ ರೋಟಾ ವೈರಾಣುವಿನ ಕುಲ ಪ್ರಮುಖವಾದುದು. ಲ್ಯಾಟಿನ್ ಭಾಷೆಯಲ್ಲಿ ‘ರೋಟಾ’ ಎಂದರೆ ಗಾಲಿ; ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಾಣು ಗಾಲಿಯಂತೆಯೇ ಕಾಣುತ್ತದೆ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನಲ್ಲಿ ಇದನ್ನು ಗುರುತಿಸಿದರು.

ಈ ವೈರಾಣು ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹರಡುತ್ತದೆ. ವಾಂತಿಭೇದಿಗಳಿಂದ ಮಗುವಿನ ದೇಹದ ನೀರು ಬತ್ತುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ.

ಆದರೆ ಬೆಂಗಳೂರಿನಲ್ಲಿ ಒಂದು ಸೋಜಿಗ ಕಂಡುಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಆಸ್ಪತ್ರೆಯ ನವಜಾತ ಶಿಶುಗಳಲ್ಲಿ ರೋಟಾ ವೈರಾಣುವನ್ನು ಕಂಡರು. ಆದರೆ ಆ ಶಿಶುಗಳಿಗೆ ಭೇದಿಯಿರಲಿಲ್ಲ. ‘ಐ 321’ ಎಂದು ಹೆಸರಿಸಿದ ಈ ತಳಿಯ ವಿವರವು 1993ರಲ್ಲಿ ಪ್ರಕಟವಾಯಿತು. ರೋಟಾ ವೈರಾಣುವಿನ ಆನುವಂಶಿಕ ವಸ್ತು 11 ತುಂಡುಗಳಲ್ಲಿರುತ್ತದೆ. ಎರಡು ತಳಿಗಳು ಒಂದೇ ಜೀವಕೋಶವನ್ನು ಹೊಕ್ಕಾಗ ಈ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. ಐ 321ರ ತುಂಡುಗಳಲ್ಲಿ 9 ದನದ ವೈರಾಣುವಿನವು. 2 ಮಾತ್ರ ಮನುಷ್ಯರ ವೈರಾಣುವಿನವು.

ಲಕ್ಷಣವಿಲ್ಲದ ಸೋಂಕು ವ್ಯರ್ಥವಲ್ಲ. ದೇಹವು ಶತ್ರುವಿನ ಗುರುತನ್ನು ನೆನಪಿನಲ್ಲಿಡುತ್ತದೆ. 1988ರಿಂದ 1999ರವರೆಗೆ ಬೆಂಗಳೂರಿನಲ್ಲಿ ರೋಟಾ ಭೇದಿಯಿಂದ ಆಸ್ಪತ್ರೆ ಸೇರುವ ಮಕ್ಕಳ ಪ್ರಮಾಣ ಇಳಿಯಿತು. ಇದರಲ್ಲಿ ಐ 321ರ ಪಾತ್ರವಿರಬಹುದೆಂದು ವಿಜ್ಞಾನಿಗಳು ಭಾವಿಸಿದರು. ಆದರೂ ಎಲ್ಲ ಸೋಂಕೂ ಉಪಕಾರಿಯೆಂದು ತಿಳಿಯಬಾರದು. ಇದಕ್ಕೆ ಹತ್ತಿರದ ತಳಿಯೇ ವೆಲ್ಲೂರಿನಲ್ಲಿ ಕೆಲವು ಶಿಶುಗಳಿಗೆ ಕರುಳಿನ ಬೇನೆಯನ್ನು ತಂದಿತು.

ಆದುದರಿಂದ ರಕ್ಷಣೆಯನ್ನು ಆಕಸ್ಮಿಕಕ್ಕೆ ಬಿಡದೆ ಮನುಷ್ಯನೇ ರೂಪಿಸಬೇಕಾಯಿತು. ದೆಹಲಿಯಲ್ಲಿ ಮಹಾರಾಜ್ ಕಿಶನ್ ಭಾನ್ ಮತ್ತು ಸಂಗಡಿಗರು ರೋಗಲಕ್ಷಣವಿಲ್ಲದ ನವಜಾತ ಶಿಶುಗಳಲ್ಲಿ ‘116 ಇ’ ಎಂಬ ತಳಿಯನ್ನು ಕಂಡಿದ್ದರು. ಅದರಿಂದ ಸಿದ್ಧವಾದ ‘ರೋಟಾವ್ಯಾಕ್’ ಲಸಿಕೆ 2015ರಲ್ಲಿ ಬಳಕೆಗೆ ಬಂದಿತು. 2016ರಿಂದ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ರೋಟಾ ಲಸಿಕೆಯೂ ಸೇರಿ, ಕ್ರಮೇಣ ಎಲ್ಲ ರಾಜ್ಯಗಳಿಗೂ ಹರಡಿತು.

ಇಂದು ಅರಕಲಗೂಡಿನ ಕೂಸಿಗೂ ಬೆಂಗಳೂರಿನ ಕೂಸಿಗೂ 6, 10 ಮತ್ತು 14ನೆಯ ವಾರಗಳಲ್ಲಿ ರೋಟಾ ಲಸಿಕೆಯನ್ನು ಬಾಯಿಯ ಮೂಲಕ ಉಚಿತವಾಗಿ ನೀಡಲಾಗುತ್ತದೆ. ನೋವಿನಿಂದ ಅಳುವ ಮಗುವನ್ನು ಎಲ್ಲರೂ ಗಮನಿಸುತ್ತಾರೆ. ಅಳದೆ ಮಲಗಿದ್ದ ಮಗುವನ್ನೂ ಪರೀಕ್ಷಿಸಿ ನೋಡಿದುದರಿಂದಲೇ ಈ ಲಸಿಕೆ ದೊರಕಿತು.