ವಿದೇಶಗಳ ಯುದ್ಧಪೀಡಿತ ಪ್ರದೇಶಗಳಲ್ಲಿ ಸಿಲುಕಿದ ನಾಗರಿಕರ ತೆರವು: ಸರ್ಕಾರದ ಹೊಣೆ ಹಾಗೂ ನಾಗರಿಕರು ಅರಿತಿರಬೇಕಾದ ಅಂಶಗಳು

ಉದ್ಯೋಗ, ವ್ಯಾಸಂಗ, ವ್ಯಾಪಾರ ಮುಂತಾದ ಕಾರಣಗಳಿಗಾಗಿ ವಿದೇಶಗಳಿಗೆ ತೆರಳಿರುವ ನಾಗರಿಕರು ಅಲ್ಲಿ ಹಠಾತ್ತನೆ ಯುದ್ಧ ಅಥವಾ ಅಂತಃಕಲಹ ಉಂಟಾದಾಗ ಸಂಕಷ್ಟಕ್ಕೆ ಸಿಲುಕುತ್ತಾರೆ. ಆಗ ಅವರ ಕುಟುಂಬದವರು ನೆರವು ಕೋರಿ ಸಮೀಪದ ಸರ್ಕಾರಿ ಕಚೇರಿಗಳಿಗೆ ಧಾವಿಸುವುದು ಸಹಜ. ಇಂತಹ ನೆರವು ಯಾರಿಂದ, ಯಾವ ಕ್ರಮದಲ್ಲಿ ಮತ್ತು ಯಾವ ಮಿತಿಯೊಳಗೆ ದೊರೆಯುತ್ತದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಹೊಣೆ ಯಾರದು?

ಸಂವಿಧಾನದ ಏಳನೆಯ ಅನುಸೂಚಿಯಂತೆ ವಿದೇಶಾಂಗ ವ್ಯವಹಾರ, ರಾಯಭಾರ ಪ್ರಾತಿನಿಧ್ಯ, ವಲಸೆ ಹಾಗೂ ಪಾಸ್‌ಪೋರ್ಟ್ ವಿಷಯಗಳು ಕೇಂದ್ರ ಪಟ್ಟಿಗೆ ಸೇರಿವೆ. ಆದ್ದರಿಂದ ತೆರವು ಕಾರ್ಯಾಚರಣೆಯನ್ನು ನಿರ್ಧರಿಸುವುದು ಮತ್ತು ನಡೆಸುವುದು ಭಾರತ ಸರ್ಕಾರದ ಕಾರ್ಯ. ಸಿಲುಕಿದವರ ವಿವರ ಸಂಗ್ರಹಿಸಿ ವಿದೇಶಾಂಗ ಸಚಿವಾಲಯಕ್ಕೆ ತಲುಪಿಸುವುದು, ಸಹಾಯವಾಣಿ ನಡೆಸುವುದು ಮತ್ತು ದೇಶಕ್ಕೆ ಮರಳಿದವರನ್ನು ಊರು ಸೇರಿಸುವುದು ರಾಜ್ಯ ಸರ್ಕಾರದ ಪಾತ್ರ. 2022ರ ಉಕ್ರೇನ್ ಯುದ್ಧದ ವೇಳೆ ಕರ್ನಾಟಕದಲ್ಲಿ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಈ ಕಾರ್ಯವನ್ನು ನಿರ್ವಹಿಸಿತು.

2. ಈ ಹೊಣೆಯ ಕಾನೂನು ಸ್ವರೂಪವೇನು?

ವಿದೇಶದಲ್ಲಿರುವ ತನ್ನ ನಾಗರಿಕರ ಹಿತಾಸಕ್ತಿಯನ್ನು ರಕ್ಷಿಸುವುದು ಮತ್ತು ಅವರಿಗೆ ನೆರವಾಗುವುದು ದೂತಾವಾಸದ ಕಾರ್ಯಗಳೆಂದು 1963ರ ವಿಯೆನ್ನಾ ಒಪ್ಪಂದದ 5ನೇ ಅನುಚ್ಛೇದವು ಹೇಳುತ್ತದೆ. ಆದರೆ ಪ್ರತಿಯೊಬ್ಬ ನಾಗರಿಕನನ್ನೂ ನಿಗದಿತ ಅವಧಿಯೊಳಗೆ ಕರೆತರತಕ್ಕದ್ದೆಂದು ವಿಧಿಸುವ ಪ್ರತ್ಯೇಕ ಕಾಯ್ದೆಯನ್ನು ಸಂಸತ್ತು ರೂಪಿಸಿಲ್ಲ. ಅನ್ಯದೇಶದ ನೆಲ ಮತ್ತು ಆಕಾಶದ ಮೇಲೆ ಆ ದೇಶದ್ದೇ ಅಧಿಕಾರವಿರುವುದರಿಂದ, ಅಲ್ಲಿನ ಸರ್ಕಾರದ ಅಥವಾ ಹೋರಾಟನಿರತ ಪಕ್ಷಗಳ ಸಮ್ಮತಿಯಿಲ್ಲದೆ ವಿಮಾನವಾಗಲಿ ಹಡಗಾಗಲಿ ಸುರಕ್ಷಿತವಾಗಿ ತಲುಪುವುದು ಕಷ್ಟಸಾಧ್ಯ.

ಹಾಗೆಂದ ಮಾತ್ರಕ್ಕೆ ಸರ್ಕಾರಕ್ಕೆ ಹೊಣೆಯಿಲ್ಲವೆಂದು ಭಾವಿಸತಕ್ಕದ್ದಲ್ಲ. ದಶಕಗಳ ಕಾರ್ಯರೂಢಿಯಿಂದ ಈ ಹೊಣೆಯು ದೃಢಪಟ್ಟಿದೆ.

3. ಪ್ರಮುಖ ಕಾರ್ಯಾಚರಣೆಗಳು

ಕುವೈತ್, 1990: ಆಗಸ್ಟ್ 2ರಂದು ಇರಾಕ್ ಸೇನೆಯು ಕುವೈತನ್ನು ಆಕ್ರಮಿಸಿತು. ಒಂದು ಲಕ್ಷಕ್ಕೂ ಅಧಿಕ ಭಾರತೀಯರನ್ನು ಮುಖ್ಯವಾಗಿ ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ಸುಮಾರು ಎರಡು ತಿಂಗಳ ಅವಧಿಯಲ್ಲಿ ವಿಮಾನಗಳಲ್ಲಿ ಕರೆತರಲಾಯಿತು.

ಯೆಮನ್, 2015: ಆಪರೇಷನ್ ರಾಹತ್ ಅಡಿಯಲ್ಲಿ ನೌಕಾಪಡೆಯ ಹಡಗುಗಳು ಏಡನ್ ಮುಂತಾದ ಬಂದರುಗಳಿಂದ ಜನರನ್ನು ಜಿಬೂತಿಗೆ ಸಾಗಿಸಿದವು. 4,600ಕ್ಕೂ ಅಧಿಕ ಭಾರತೀಯರೊಂದಿಗೆ 41 ದೇಶಗಳ ಸುಮಾರು 960 ಮಂದಿಯನ್ನೂ ಮಾನವೀಯ ನೆಲೆಯಲ್ಲಿ ತೆರವುಗೊಳಿಸಲಾಯಿತು.

ಉಕ್ರೇನ್, 2022: ಫೆಬ್ರವರಿ 24ರಂದು ವಾಯುಪ್ರದೇಶ ಮುಚ್ಚಿದ ಕಾರಣ ರುಮೇನಿಯಾ, ಹಂಗೇರಿ, ಪೋಲೆಂಡ್ ಮತ್ತು ಸ್ಲೊವಾಕಿಯಾ ಗಡಿಗಳ ಮೂಲಕ ಆಪರೇಷನ್ ಗಂಗಾ ನಡೆಯಿತು. ಸುಮಾರು 22,500 ಭಾರತೀಯರು ಮರಳಿದರು. ಇವರಲ್ಲಿ ಬಹುಪಾಲು ವಿದ್ಯಾರ್ಥಿಗಳು.

ಸೂಡಾನ್, 2023: ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸೂಡಾನ್ ಬಂದರಿನಿಂದ ಜೆದ್ದಾ ಮಾರ್ಗವಾಗಿ 3,800ಕ್ಕೂ ಅಧಿಕ ಮಂದಿಯನ್ನು ಕರೆತರಲಾಯಿತು. ಗಿಡಮೂಲಿಕೆ ಔಷಧಿಗಳ ಮಾರಾಟಕ್ಕೆಂದು ತೆರಳಿ ಅಲ್ಲಿ ಸಿಲುಕಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಹೀಗೆ ತಾಯ್ನಾಡಿಗೆ ಮರಳಿದರು.

4. ವಿಳಂಬವೇಕೆ ಆಗುತ್ತದೆ?

ಮೇಲ್ಕಂಡ ಎಲ್ಲ ಸಂದರ್ಭಗಳಲ್ಲಿಯೂ ಕಠಿಣವಾದ ಘಟ್ಟವೆಂದರೆ ಸಿಲುಕಿದ ಸ್ಥಳದಿಂದ ಗಡಿ ಅಥವಾ ಬಂದರನ್ನು ತಲುಪುವುದು. ಗಡಿ ದಾಟಿದ ನಂತರ ವಿಮಾನ ಒದಗಿಸುವುದು ಅಷ್ಟು ದುಸ್ತರವಲ್ಲ. ಗುಂಡಿನ ಚಕಮಕಿ ನಡೆಯುತ್ತಿರುವಾಗ ಬಸ್ಸಿನಲ್ಲಿ ಹೊರಡುವುದಕ್ಕಿಂತ ನೆಲಮಾಳಿಗೆಯಲ್ಲಿ ಉಳಿಯುವುದೇ ಕೆಲವೊಮ್ಮೆ ಸುರಕ್ಷಿತ. ಆದಕಾರಣ ರಾಯಭಾರ ಕಚೇರಿಯು ಕದನವಿರಾಮ ಅಥವಾ ಸುರಕ್ಷಿತ ಮಾರ್ಗದ ಭರವಸೆ ದೊರೆಯುವವರೆಗೆ ಕಾಯುವಂತೆ ಸೂಚಿಸುವುದುಂಟು.

ಮುನ್ನೆಚ್ಚರಿಕೆಯ ಸೂಚನೆಗಳ ಮಹತ್ವವೂ ಇಲ್ಲಿಯೇ ಇದೆ. ಉಕ್ರೇನಿನಲ್ಲಿ ಉಳಿಯುವುದು ಅನಿವಾರ್ಯವಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಗಣಿಸಬೇಕೆಂದು ಭಾರತೀಯ ರಾಯಭಾರ ಕಚೇರಿಯು 2022ರ ಫೆಬ್ರವರಿ 15ರಂದು ತಿಳಿಸಿತ್ತು. ತರಗತಿಗಳು ತಪ್ಪುವವೆಂಬ ಆತಂಕ ಮುಂತಾದ ಕಾರಣಗಳಿಂದ ಅನೇಕರು ಹೊರಡಲಾಗಲಿಲ್ಲ. ಒಂಬತ್ತು ದಿನಗಳಲ್ಲಿ ಯುದ್ಧ ಆರಂಭವಾಯಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಡೆದ ದಾಳಿಯಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಮೃತಪಟ್ಟರು. ಎಷ್ಟೇ ದೊಡ್ಡ ಕಾರ್ಯಾಚರಣೆಯೂ ಇಂತಹ ನಷ್ಟವನ್ನು ತುಂಬಿಕೊಡಲಾರದು.

5. ವೆಚ್ಚವನ್ನು ಯಾರು ಭರಿಸುತ್ತಾರೆ?

ಆಪರೇಷನ್ ಗಂಗಾದ ವಿಮಾನಗಳ ವೆಚ್ಚವನ್ನು ಕೇಂದ್ರ ಸರ್ಕಾರವೇ ಭರಿಸಿತು. ಆದರೆ 2020ರ ಕೋವಿಡ್ ಕಾಲದ ವಂದೇ ಭಾರತ್ ಯೋಜನೆಯಲ್ಲಿ ಪ್ರಯಾಣಿಕರು ಟಿಕೆಟ್ ದರ ಪಾವತಿಸಬೇಕಾಗಿತ್ತು. ಆದ್ದರಿಂದ ಪ್ರತಿ ಸಂದರ್ಭದ ಆದೇಶವನ್ನು ಪ್ರತ್ಯೇಕವಾಗಿ ಗಮನಿಸತಕ್ಕದ್ದು. ಇದಲ್ಲದೆ ಸಂಕಷ್ಟದಲ್ಲಿರುವ ಭಾರತೀಯರ ನೆರವಿಗಾಗಿ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಗಿದೆ.

6. ವಿದೇಶಕ್ಕೆ ತೆರಳುವವರು ಅನುಸರಿಸಬೇಕಾದ ಕ್ರಮಗಳು

ಅ) ವಿದೇಶ ತಲುಪಿದ ಕೂಡಲೇ ಸಂಬಂಧಿಸಿದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ನೋಂದಾಯಿಸತಕ್ಕದ್ದು. ವಿಳಾಸ ಬದಲಾದಲ್ಲಿ ಅದನ್ನೂ ತಿಳಿಸತಕ್ಕದ್ದು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹುಡುಕುವುದು ಕಠಿಣವಾಗುತ್ತದೆ.
ಆ) ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳನ್ನು ಊರಿನಲ್ಲಿರುವ ಕುಟುಂಬದವರ ಬಳಿ ಇರಿಸತಕ್ಕದ್ದು. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಅಥವಾ ಮಾಲೀಕರ ವಶದಲ್ಲಿದ್ದಲ್ಲಿ ಸ್ವದೇಶಕ್ಕೆ ಮರಳಲು ತುರ್ತು ಪ್ರಮಾಣಪತ್ರ ಕೋರಬಹುದು. ಆಗ ಈ ಪ್ರತಿಗಳು ಗುರುತಿನ ಪರಿಶೀಲನೆಗೆ ನೆರವಾಗುತ್ತವೆ.
ಇ) ಪತಿ, ಪತ್ನಿ ಅಥವಾ ಮಕ್ಕಳು ಅನ್ಯದೇಶದ ಪ್ರಜೆಗಳಾಗಿದ್ದಲ್ಲಿ ಆ ವಿಷಯವನ್ನು ಮುಂಚಿತವಾಗಿಯೇ ರಾಯಭಾರ ಕಚೇರಿಗೆ ತಿಳಿಸತಕ್ಕದ್ದು.

7. ಕುಟುಂಬದವರು ಸಲ್ಲಿಸಬೇಕಾದ ವಿವರಗಳು

ಸಿಲುಕಿದವರ ಪೂರ್ಣ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಇರುವ ನಗರ ಮತ್ತು ಕಟ್ಟಡ, ಜೊತೆಯಲ್ಲಿರುವವರ ಸಂಖ್ಯೆ, ಕೊನೆಯ ಬಾರಿ ಮಾತನಾಡಿದ ದಿನಾಂಕ, ಅನಾರೋಗ್ಯ ಅಥವಾ ಗರ್ಭಾವಸ್ಥೆ ಇದ್ದಲ್ಲಿ ಅದರ ವಿವರವನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ನೀಡಬಹುದು. 2015ರಲ್ಲಿ ವಿದೇಶಾಂಗ ಸಚಿವಾಲಯವು ಆರಂಭಿಸಿದ ಮದದ್ ಅಂತರಜಾಲ ತಾಣದಲ್ಲಿಯೂ ದೂರು ದಾಖಲಿಸಬಹುದು. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿರುವುದಿಲ್ಲ.

ಸಾರ್ವಜನಿಕರು ಈ ಅಂಶಗಳನ್ನು ಗಮನಿಸಿ, ವಿದೇಶದಲ್ಲಿರುವ ತಮ್ಮ ಕುಟುಂಬದವರಿಗೂ ತಿಳಿಸಿ ಸಹಕರಿಸಬೇಕಾಗಿ ಕೋರಲಾಗಿದೆ.